ಬಂಗಡೆ ಲಿವರ್‌ಗೆ ಮ್ಯಾಟ್ರಿಕ್ಸ್: ಸ್ಪ್ರೇಯೋ, ಉತ್ಪತನವೋ?

ಒಂದೇ ಬಂಗಡೆಯ ಲಿವರ್, ಅಕ್ಕಪಕ್ಕದ ಎರಡು ಸೀಳು, ಎರಡಕ್ಕೂ ಡಿಎಚ್‌ಬಿ ಎಂಬ ಮ್ಯಾಟ್ರಿಕ್ಸ್, ಅಂದರೆ ಲೇಸರ್ ಶಕ್ತಿ ಹೀರಿ ಅಂಗಾಂಶದ ಅಣುಗಳನ್ನು ಮೇಲೆಬ್ಬಿಸುವ ಹರಳಿನ ಲೇಪ. ಒಂದಕ್ಕೆ ಬಿಸಿ ನಳಿಕೆಯ ಸ್ಪ್ರೇ, ಇನ್ನೊಂದಕ್ಕೆ ಉತ್ಪತನ (ಪುಡಿಯನ್ನು ದ್ರವವಾಗಿಸದೆ ನೇರ ಆವಿ ಮಾಡಿ ಕೂರಿಸುವುದು). ಕಾರವಾರದ ಮಳೆಗಾಲದಲ್ಲಿ 10 ಮೈಕ್ರಾನ್ ಪಿಕ್ಸೆಲ್‌ನ ಮಾಲ್ಡಿ ಚಿತ್ರ (ಲೇಸರ್ ಹೊಡೆದು, ಯಾವ ಅಣು ಎಲ್ಲಿದೆಯೆಂದು ಅದರ ತೂಕದಿಂದ ಗುರುತಿಸುವ ನಕ್ಷೆ) ಬೇಕಿದ್ದರೆ ಎರಡನೆಯದೇ ಮೇಲು. 50 ಮೈಕ್ರಾನಿಗೆ ಅಷ್ಟು ಕಷ್ಟ ಬೇಕಿಲ್ಲ.

ಸೀಳುವ ತನಕ ಎರಡಕ್ಕೂ ದಾರಿ ಒಂದೇ. ಲಿವರನ್ನು ನೇರ ದ್ರವ ಸಾರಜನಕಕ್ಕೆ ಎಸೆದರೆ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಫಾಯಿಲ್ ದೋಣಿಯಲ್ಲಿಟ್ಟು ಮೇಲೆ ತೇಲಿಸಿ. ಅಂಗಾಂಶ ಹುದುಗಿಸುವ ಅಂಟು ದ್ರವವಾದ ಓಸಿಟಿಯಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ: ಅದರ ಪಾಲಿಎಥಿಲೀನ್ ಗ್ಲೈಕಾಲ್ 44 ಡಾಲ್ಟನ್ (ಅಣು ತೂಕದ ಅಳತೆ) ಅಂತರದಲ್ಲಿ ಶಿಖರಗಳ ಸಾಲೆಬ್ಬಿಸಿ ಕೊಬ್ಬಿನ ಅಣುಗಳಾದ ಲಿಪಿಡ್‌ಗಳನ್ನು ಅದುಮಿಬಿಡುತ್ತದೆ. ಸೀಳುವ ಯಂತ್ರದ ಹಿಡಿಕೆಯಾದ ಚಕ್‌ಗೆ ಅಂಟಿಸಲು ಬುಡಕ್ಕೆ ಒಂದು ಹನಿ ನೀರು ಸಾಕು. ಬೆಳಚಿನ ಕಿವಿರಿನಂಥ ಮೆತ್ತನೆಯದಕ್ಕೆ ಮಾತ್ರ 2% ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್). ದಪ್ಪ 10 ಮೈಕ್ರಾನ್. −20 ಡಿಗ್ರಿಯಲ್ಲಿ ಕೊಬ್ಬು ಬ್ಲೇಡಿಗೆ ಮೆತ್ತಿದರೆ −25ಕ್ಕೆ ಇಳಿಸಿ. ಐಟಿಒ ಸ್ಲೈಡಿನ (ಒಂದು ಮುಖಕ್ಕೆ ವಿದ್ಯುತ್ ಹರಿಯುವ ಲೇಪವಿರುವ ಗಾಜು) ವಾಹಕ ಮುಖ ಯಾವುದೆಂದು ಮಲ್ಟಿಮೀಟರಿನಲ್ಲಿ ನೋಡಿಯೇ ಸೀಳು ಹಚ್ಚಿ, ಆಮೇಲೆ ತೇವ ಆರಲು 30 ನಿಮಿಷ ನಿರ್ವಾತ ಡೆಸಿಕೇಟರ್.

ಸ್ಪ್ರೇಗೆ 70% ಮೆಥನಾಲ್‌ನಲ್ಲಿ ಮಿ.ಲೀ.ಗೆ 40 ಮಿ.ಗ್ರಾಂ, ನಳಿಕೆ 75 ಡಿಗ್ರಿ, ನಿಮಿಷಕ್ಕೆ 0.1 ಮಿ.ಲೀ., ಎಂಟು ಸುತ್ತು. ಬೇಸಿಗೆಯಲ್ಲಿ ಹನಿ ಬಿದ್ದ ಕೂಡಲೇ ಆರುತ್ತದೆ. ಜುಲೈಯಲ್ಲಿ ಗಾಜಿನ ಮೇಲೆ ಒದ್ದೆ ಹೊಳಪು ನಿಂತೇ ಇರುತ್ತದೆ. ಆ ಹೊಳಪೇ ಶತ್ರು. ಪಿಸಿ 38:6 ಎಂಬ ಲಿಪಿಡ್‌ಗೆ ಸೋಡಿಯಂ ಸೇರಿದ ಶಿಖರ (828.55) ಸೀಳಿನ ಅಂಚು ದಾಟಿ ಖಾಲಿ ಗಾಜಿನ ಮೇಲೂ ಕಾಣಿಸಿತು. ಸುತ್ತುಗಳ ನಡುವೆ 30 ಸೆಕೆಂಡ್ ಬಿಡುವು ಕೊಟ್ಟರೆ ಹರಡುವುದು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಉತ್ಪತನದಲ್ಲಿ ದ್ರಾವಕವೇ ಇಲ್ಲ, ಹರಳು ಪುಡಿಯಷ್ಟು ನವಿರು. ಇಲ್ಲಿ ಕೆಡುವುದು ಕ್ರಮ ತಪ್ಪಿದರೆ. ಮೊದಲು ನಿರ್ವಾತ ಹಿಡಿಯಬೇಕು, ಐದು ನಿಮಿಷ ಕಳೆದ ಮೇಲೆ ಸ್ಲೈಡ್ ಅಂಟಿಸಿದ ತಣ್ಣನೆ ತಳಕ್ಕೆ ಐಸ್, ಕೊನೆಗೆ ಕಾವು. ಐಸ್ ಮೊದಲಾದರೆ ಒಳಗಿನ ತೇವವೆಲ್ಲ ಸ್ಲೈಡಿಗೇ ಕೂರುತ್ತದೆ. ಮುಗಿದ ಮೇಲೂ ಅವಸರ ಬೇಡ: ಐಸ್ ತೆಗೆದು, ಸ್ಲೈಡ್ ಕೋಣೆಯ ಉಷ್ಣತೆಗೆ ಬರುವ ತನಕ ನಿರ್ವಾತ ಬಿಡಬಾರದು. ತಣ್ಣಗಿರುವಾಗಲೇ ಗಾಳಿ ಬಿಟ್ಟರೆ ಫ್ರಿಜ್‌ನಿಂದ ತೆಗೆದ ಸೋಡಾ ಬಾಟಲಿಯಂತೆ ಸ್ಲೈಡ್ ಬೆವರುತ್ತದೆ, ಡಿಎಚ್‌ಬಿ ಕರಗಿ ಬಿಳಿ ಬಳೆಗಳಾಗಿ ಒಣಗುತ್ತದೆ. ಆ ಸ್ಲೈಡ್ ಕಸಕ್ಕೇ.

ಎಷ್ಟು ಕೂತಿತೆಂದು ಗಡಿಯಾರ ನೋಡಬೇಡಿ, ತೂಗಿ. 25×75 ಮಿ.ಮೀ. ಸ್ಲೈಡಿಗೆ ಚದರ ಸೆಂ.ಮೀ.ಗೆ 0.2 ಮಿ.ಗ್ರಾಂನಂತೆ 3.75 ಮಿ.ಗ್ರಾಂ ಏರಬೇಕು.

ಪ್ರೋಟೀನ್, ಪೆಪ್ಟೈಡ್‌ಗಳ ಮಾತು ಬೇರೆ. ಒದ್ದೆಯಾಗದೆ ಅವು ಹರಳಿನೊಳಗೆ ಬರುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ ಸ್ಪ್ರೇಯೇ ಗತಿ. ಕರೆಂಟ್ ಹೋದರೆ ಸ್ಪ್ರೇ ನಳಿಕೆ ಕಟ್ಟಿಕೊಳ್ಳುತ್ತದೆ, ಕೂಡಲೇ ಮೆಥನಾಲ್ ಹಾಯಿಸಿ. ಉತ್ಪತನ ನಡೆಯುತ್ತಿದ್ದರೆ ಮೊದಲು ಪಂಪಿನ ವಾಲ್ವ್ ಮುಚ್ಚಿ, ಇಲ್ಲವಾದರೆ ಎಣ್ಣೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.