ಕೆತ್ತನೆ ಕಲಿಯಲು ಪೊಳಕಿಯೋ, ಬೇವೋ, ತೇಗವೋ?

ಕೈಗೆ ಬೇಗ ಒಗ್ಗುವುದು ಪೊಳಕಿ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದು ಈ ಹಗುರ ಮರದಲ್ಲೇ. ಚಾಕು ಒತ್ತಿದರೆ ಸಾಕು, ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಆದರೆ ಮೂಗು, ಬೆರಳಿನಂಥ ಸಣ್ಣ ಭಾಗ ಚಟ್ಟನೆ ಮುರಿಯುತ್ತದೆ. ಲೇಪ, ಬಣ್ಣ ಇಲ್ಲದೆ ಬಿಟ್ಟರೆ ಬಾಳಿಕೆಯೂ ಕಡಿಮೆ. ಬಣ್ಣದ ಗೊಂಬೆಯ ಆಸೆ ಇದ್ದವರು ಬೇರೇನೂ ಯೋಚಿಸಬೇಡಿ.

ಖರ್ಚು ನೋಡುವವರಿಗೆ ಬೇವು. ರಾಯಚೂರು ಕಡೆ ಹೊಲದ ಬದುವಿನಲ್ಲಿ ಸವರಿದ ಕೊಂಬೆ ಕೇಳಿದರೆ ಪುಕ್ಕಟೆ ಸಿಗುತ್ತದೆ. ಹಸಿಯಿದ್ದಾಗ ಕೊರೆಯಲು ಸಲೀಸು, ಒಣಗಿದ ಮೇಲೆ ಗಟ್ಟಿ. ನಾರು ಹೆಣೆದುಕೊಂಡಿರುವುದರಿಂದ ಒಂದು ಕಡೆ ನುಣುಪು ಬಂದರೆ ಇನ್ನೊಂದು ಕಡೆ ಕಿತ್ತುಬರುತ್ತದೆ. ನಮ್ಮ ಬೇಸಿಗೆ ಬಿಸಿಲಿಗಂತೂ ಇಡಬೇಡಿ, ಸೀಳುತ್ತದೆ. ತುದಿಗಳಿಗೆ ಮೇಣ ಸವರಿ ನೆರಳಲ್ಲಿ ಒಣಗಿಸಿ. ಸೌಟು, ಚಮಚಕ್ಕೆ ನಾನಂತೂ ಇದನ್ನೇ ಹಿಡಿಯುತ್ತೇನೆ.

ತೇಗ ದುಬಾರಿ, ಬಾಳಿಕೆಯಲ್ಲಿ ಮುಂದೆ. ಅದರೊಳಗಿನ ಸಿಲಿಕಾ ಎಂಬ ಮರಳಿನಂಥ ಅಂಶ ಉಳಿಯ ಮೊನೆ ಬೇಗ ಮೊಂಡು ಮಾಡುತ್ತದೆ. ಉಳಿಗೆ ಸಾಣೆ ಹಿಡಿಯಲು ಗೊತ್ತಿರುವವರು ಬಡಗಿ ಅಂಗಡಿಯ ತುಂಡು ತಂದು ಹೆಸರಿನ ಫಲಕ ಕೆತ್ತಬಹುದು.