ಹುಬ್ಬಳ್ಳಿ-ಧಾರವಾಡದ ಟ್ಯಾಕ್ಸಿ ಡ್ರೈವರ್‌ಗಳಿಗೆ: "ಕ್ಯಾನ್ಸಲ್ ಮಾಡ್ರಿ, ಗದಗಕ್ಕ ಹೋಗಿ ಬರೂಣು" ಅಂದ್ರ ನಂಬಬ್ಯಾಡ್ರಿ

ಆ್ಯಪ್‌ಗೆ ಗಾಡಿ ಹಚ್ಚಿದವರು ಇದನ್ನ ಪೂರ್ತಿ ಓದ್ರಿ. ಹುಬ್ಬಳ್ಳಿ ರೈಲ್ವೆ ಸ್ಟೇಶನ್ ಮುಂದ ಹತ್ತಿದ ಇಬ್ರು ಪ್ಯಾಸೆಂಜರ್ 2,800 ರೂಪಾಯಿ ಬಾಡಿಗಿ ಮುಳುಗಿಸಿ, ಅದರ ಮ್ಯಾಲ ನನ್ನ ಕೈಯಿಂದನ 1,000 ರೂಪಾಯಿ ನಗದು ಇಸ್ಕೊಂಡು ಹೋಗ್ಯಾರ. ಯಾರೂ ಕಸ್ಕೊಂಡಿಲ್ಲ, ನಾನ ಕೊಟ್ಟೀನಿ. ಹೇಳಾಕ ನಾಚಿಕಿ ಬರ್ತೈತಿ. ಆದ್ರ ಸುಮ್ನ ಕುಂತ್ರ ನಾಳೆ ಇನ್ನೊಬ್ಬನ ಗಾಡಿ ಹತ್ತತಾರ.

ಬುಕಿಂಗ್ ಬಂದದ್ದು ಸ್ಟೇಶನ್‌ದಿಂದ ಧಾರವಾಡ ಜುಬಿಲಿ ಸರ್ಕಲ್‌ಗೆ. ಆ್ಯಪ್ ತೋರಿಸಿದ್ದು 410 ರೂಪಾಯಿ. ಬ್ಯಾಗ್ ಡಿಕ್ಕಿಗೆ ಇಟ್ಟಾತು, ಓಟಿಪಿ ಕೇಳಿದೆ. ಓಟಿಪಿ ಹೇಳೂ ಬದ್ಲಿ ಮುಂದಿನ ಸೀಟಿಗೆ ಕುಂತಾವ, "ಅಣ್ಣಾರ, ಧಾರವಾಡದ ಕೆಲಸ ನಿಂತ್ತು. ಗದಗಕ್ಕ ಹೋಗಿ ಬರೂದೈತಿ, ಅಲ್ಲೆ ಎರಡು ತಾಸಿನ ಕೆಲಸ. ಆ್ಯಪ್‌ದಾಗ ಬ್ಯಾಡ, ಅವರಿಗೆ ಯಾಕ ರೊಕ್ಕ ಕೊಡ್ತೀರಿ? ಹೋಗಿ ಬರೂದಕ್ಕ 2,800 ಕೊಡ್ತೀನಿ" ಅಂದ. "ಹಂಗಾದ್ರ ನೀವ ಕ್ಯಾನ್ಸಲ್ ಮಾಡ್ರಿ ಸರ್" ಅಂದೆ. "ನಾ ಮಾಡಿದ್ರ ನನಗ ಚಾರ್ಜ್ ಬೀಳ್ತೈತ್ರೀ, ನಿಮ್ಮ ಕಡೆಯಿಂದ ಮಾಡ್ರಿ" ಅಂದ. ನಾ ಮಾಡಿದೆ.

ಇಲ್ಲೇ ಎಚ್ಚರ ಆಗಬೇಕಿತ್ತು. ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿಯೊಳಗ ಕಾರಣ ಇಲ್ಲದ ಕ್ಯಾನ್ಸಲ್‌ಗೆ ದಂಡ ಬಾಡಿಗಿಯ 10%, ಅದೂ 100 ರೂಪಾಯಿ ದಾಟಂಗಿಲ್ಲ. 410ಕ್ಕ ಹತ್ತು ಪರ್ಸೆಂಟ್ ಅಂದ್ರ 41 ರೂಪಾಯಿ. 2,800 ಕೊಡಾವ 41 ರೂಪಾಯಿಗೆ ಹೆದರ್ತಾನೇನು? ಅವನಿಗೆ ಬೇಕಾಗಿದ್ದು ದಾಖಲೆಯೊಳಗ 'ಡ್ರೈವರ್ ಕ್ಯಾನ್ಸಲ್ ಮಾಡ್ಯಾನ' ಅಂತ ಬರೂದು, ಅಷ್ಟ.

2,800 ಯಾಕ ನಂಬಿಸ್ತು ಅಂದ್ರ, ಆ ಲೆಕ್ಕ ಬರೋಬರಿ ಐತಿ. ರಾಜ್ಯ ಸರ್ಕಾರದ 2024ರ ಫೆಬ್ರುವರಿ ಆದೇಶದ ಪ್ರಕಾರ 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮ್ಯಾಲ ಕಿಲೋಮೀಟರ್‌ಗೆ 24. ಅಣ್ಣಿಗೇರಿ ಮ್ಯಾಲ ಹಾಸಿ ಗದಗಕ್ಕ ಹೋಗಿ ಹೊಳ್ಳಿ ಬರೂದು ಹತ್ತತ್ರ 120 ಕಿಲೋಮೀಟರ್. 116 ಗುಣಾ 24 ಅಂದ್ರ 2,784, ಅದಕ್ಕ 100 ಕೂಡಿಸಿದ್ರ 2,884. ಕಾಯೂದು ಮೊದಲ 5 ನಿಮಿಷ ಪುಕಟ, ಆಮ್ಯಾಲ ನಿಮಿಷಕ್ಕ 1 ರೂಪಾಯಿ, ಎರಡು ತಾಸಿಗೆ 115. ಒಟ್ಟು 2,999. ಅವ ಹೇಳಿದ್ದು 2,800. 4,000 ಅಂದಿದ್ರ ಯಾರಿಗಾದ್ರೂ ಸಂಶೇ ಬರ್ತಿತ್ತು, 2,000 ಅಂದಿದ್ರ ಯಾರೂ ಹೋಗ್ತಿದ್ದಿಲ್ಲ. ರೇಟ್ ತಿಳ್ಕೊಂಡ ಬಂದಿದ್ದ ಅವ. ಧಾರವಾಡಕ್ಕ ಬಿಟ್ಟು ಖಾಲಿ ಹೊಳ್ಳಿ ಬರೂದಕ್ಕಿಂತ ಇದು ಚಲೋ ಅಂತ ಯಾವ ಡ್ರೈವರ್‌ಗಾದ್ರೂ ಅನಸ್ತೈತಿ, ಅದನ್ನೂ ತಿಳ್ಕೊಂಡಿದ್ದ.

ಕ್ಯಾನ್ಸಲ್ ಒತ್ತಿದ ಕೂಡ್ಲೆ ಏನೇನು ಕಳ್ಕೋತೀವಿ, ನೋಡ್ರಿ. ಆ್ಯಪ್‌ದಾಗ ನಮಗ ಕಾಣೂದು ಪ್ಯಾಸೆಂಜರ್‌ದ ಖರೆ ನಂಬರ್ ಅಲ್ಲ, ನಡುವ ಕಂಪನಿ ಹಾಕಿದ ನಂಬರ್. ಬುಕಿಂಗ್ ಮುಗಿದ ಮ್ಯಾಲ ಅದಕ್ಕ ಫೋನ್ ಹತ್ತಂಗಿಲ್ಲ. ಎಲ್ಲಿಂದ ಎಲ್ಲಿಗೆ ಹೋದ್ವಿ ಅನ್ನೂ ಟ್ರಿಪ್ ದಾಖಲೆ ಇರಂಗಿಲ್ಲ. ಆ್ಯಪ್ ಕೊಡೂ ಅಪಘಾತ ವಿಮೆ ಟ್ರಿಪ್ ಚಾಲ್ತಿ ಇದ್ದಾಗಷ್ಟ. ದಾರಿಯಾಗ ಏನರ ಆಗಿದ್ರ ಗಾಡಿ ಇನ್ಶೂರೆನ್ಸ್ ಒಂದ ಗತಿ. ಅವ ತಾನ ಒಂದು ನಂಬರ್ ಕೊಟ್ಟು, "ಇದು ನನ್ನ ನಂಬರ್, ಸೇವ್ ಮಾಡ್ಕೊಳ್ರಿ, ನಿಮ್ಮದೂ ಕೊಡ್ರಿ" ಅಂದ. ಭಾಳ ಮರ್ಯಾದಿ ಮನಷ್ಯಾ ಅನಿಸ್ತು. ನನ್ನ ನಂಬರ್ ಯಾಕ ಬೇಕಾಗಿತ್ತು ಅನ್ನೂದು ರಾತ್ರಿ ತಿಳೀತು.

ಅಡ್ವಾನ್ಸ್ ಕೇಳಿದೆ. "ಗದಗನ್ಯಾಗ ಎಟಿಎಂ ಐತಲ್ರೀ" ಅಂದ. ಸಿಎನ್‌ಜಿ ನಂದ, ಕೆಜಿಗೆ 22 ಕಿಲೋಮೀಟರ್ ಅಂತ ಹಿಡಿದ್ರೂ ಐದೂವರಿ ಕೆಜಿ. ಟೋಲ್ ನನ್ನ ಫಾಸ್ಟ್ಯಾಗ್‌ನ್ಯಾಗ ಕಟ್ ಆತು. ಗದಗನ್ಯಾಗ ಟಾಂಗಾಕೂಟದ ಹತ್ರ ಇಳದು ಎರಡು ತಾಸಿಗೆ ಬರೋಬರಿ ಹೊಳ್ಳಿ ಬಂದ್ರು. ಓಡಿ ಹೋಗೂ ಮಂದಿ ಆಗಿದ್ರ ಅಲ್ಲೇ ಓಡ್ತಿದ್ರು ಅಂತ ನಂಬಿಕಿ ಗಟ್ಟಿ ಆತು. ಎಟಿಎಂ ಮಾತ ತಗೀಲಿಲ್ಲ, ನಾನೂ ಕೇಳಲಿಲ್ಲ.

ಸಂಜಿ ಏಳರ ಸುಮಾರು ಹೊಸೂರ ಬಸ್‌ಸ್ಟ್ಯಾಂಡ್ ಹತ್ರ "ಇಲ್ಲೇ ಬಿಡ್ರಿ" ಅಂದ್ರು. ಅಲ್ಲಿ ಒಂದು ನಿಮಿಷ ಗಾಡಿ ನಿಲ್ಸಿದ್ರ ಹಿಂದಿನ ಬಸ್ಸು ಹಾರ್ನ್ ಹೊಡ್ಯಾಕ ಶುರು ಮಾಡ್ತಾವ. ಆ ಜಾಗಾ ಅವರ ಆರಿಸಿದ್ದು. ಮುಂದ ಕುಂತಾವ ಡ್ಯಾಶ್‌ಬೋರ್ಡ್ ಮ್ಯಾಲಿನ ಕ್ಯೂಆರ್ ಸ್ಕ್ಯಾನ್ ಮಾಡಿದ. ಹಸರ ಪರದೆ, ರೈಟ್ ಗುರುತು, ನನ್ನ ಪೂರ್ತಿ ಹೆಸರು, ಟಿಂಗ್ ಅಂತ ಸಪ್ಪಳ. ರೊಕ್ಕ 3,800.

"ಅಯ್ಯೋ ಅಣ್ಣಾರ, 2,800 ಹೊಡ್ಯಾಕ ಹೋಗಿ 3,800 ಹೊಡದೆ ನೋಡ್ರಿ!" ಅಂದ. ಅದ ಹೊತ್ತಿಗೆ ನನ್ನ ಫೋನಿಗೆ ಮೆಸೇಜ್ ಬಂತು, 3,800 ಜಮಾ ಆಗೇತಿ ಅಂತ. "ನಮಗ ಬಸ್ಸಿಗೆ ಚಿಲ್ಲರಿ ಬೇಕಾಗೇತಿ, ಆ ಸಾವಿರ ಕೈಯಾಗ ಕೊಟ್ಟಬಿಡ್ರಿ." ಹಿಂದ ಹಾರ್ನ್. ಎರಡು ಐನೂರರ ನೋಟು ತಗದು ಕೊಟ್ಟೆ. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ, ತ್ರಾಸ ಕೊಟ್ವಿ" ಅಂತ ಕೈ ಮುಗದು ಹೋದ. ಕೈ ಮುಗದು ಹೋದ, ನನ್ನ ರೊಕ್ಕಾ ತಗೊಂಡು!

ರಾತ್ರಿ ಒಂಬತ್ತೂವರಿಗೆ ಬ್ಯಾಂಕ್ ಆ್ಯಪ್ ತಗದ್ರ 3,800 ಇಲ್ಲ. ಮೆಸೇಜ್ ಹೊಳ್ಳಿ ನೋಡಿದೆ. ಬಂದದ್ದು ಬ್ಯಾಂಕಿನಿಂದ ಅಲ್ಲ, ಒಂದು ಹತ್ತಂಕಿ ಮೊಬೈಲ್ ನಂಬರ್‌ದಿಂದ. ಹಿಂದಿನ ಸೀಟಿನ್ಯಾಗ ಇನ್ನೊಬ್ಬ ಇಡೀ ದಾರಿ ಫೋನ್ ಹಿಡ್ಕೊಂಡು ಕುಂತಿದ್ನಲ್ಲ, ಅವ ಕಳಿಸ್ಯಾನ. ಬ್ಯಾಂಕಿನ ಮೆಸೇಜ್ ಹಂಗ ಮೊಬೈಲ್ ನಂಬರ್‌ದಿಂದ ಬರೂದ ಇಲ್ಲ. ಕಳಿಸಿದವರ ಜಾಗಾದಾಗ ಇಂಗ್ಲಿಷ್ ಅಕ್ಷರದಾಗ ಬ್ಯಾಂಕಿನ ಗುರುತು ಇರ್ತೈತಿ, ನಡುವ ಅಡ್ಡಗೆರಿ ಇರ್ತಾವ. ಒಳಗಿನ ಮಾತು ಯಾರಾದ್ರೂ ಬರೀಬಹುದು, ಅದಕ್ಕ ಮೊದಲ ನೋಡಬೇಕಾದ್ದು ಮ್ಯಾಲಿನ ಹೆಸರು.

"ಹೆಸರು ನಂದ ತೋರಿಸ್ತಲ್ಲ?" ಅಂತ ನನಗೂ ಅನಿಸ್ತು. ತೋರಸ್ತೈತಿ. ನಮ್ಮ ಕ್ಯೂಆರ್ ಚಿತ್ರದೊಳಗ ಯುಪಿಐ ಐಡಿ ಜೋಡಿ ಹೆಸರೂ ಬರದಿರ್ತೈತಿ. ಯಾವ ಸ್ಕ್ಯಾನರ್‌ಗಾದ್ರೂ ಅದನ್ನ ಓದಾಕ ಬರ್ತೈತಿ, ಬ್ಯಾಂಕಿನ ಸಂಬಂಧ ಬೇಕಾಗಿಲ್ಲ. ಪೇಮೆಂಟ್ ಆ್ಯಪ್‌ನಂಗ ಕಾಣೂ ನಕಲಿ ಆ್ಯಪ್ ಮಾಡ್ಯಾರ, ಅದು ಕ್ಯೂಆರ್‌ದಿಂದ ಹೆಸರು ಎತ್ಕೋತೈತಿ, ಎಷ್ಟು ರೊಕ್ಕ ಹಾಕಿದ್ರೂ ಹಸರ ಪರದೆ ತೋರಸ್ತೈತಿ, ಟಿಂಗ್ ಅಂತೈತಿ. ಒಂದು ರೂಪಾಯಿನೂ ಎಲ್ಲೂ ಹೋಗಿರಂಗಿಲ್ಲ. ಅದಕ್ಕ ಪ್ಯಾಸೆಂಜರ್ ಫೋನಿನ ಪರದೆ ಪುರಾವೆ ಅಲ್ಲ. ಪರದೆ ಅವನದು, ಅದರಾಗ ಏನು ಬೇಕಾದ್ರೂ ತೋರಸ್ತಾನ.

ಮುಂದ ಕುಂತಾವ ಕೊಟ್ಟ ನಂಬರ್‌ಗೆ ಫೋನ್ ಹಚ್ಚಿದೆ. ಎತ್ತಿದ. "ನನ್ನ ಅಕೌಂಟಿನಿಂದ ಕಟ್ ಆಗೇತ್ರೀ, ನಿಮ್ಮ ಬ್ಯಾಂಕಿನ ಸರ್ವರ್ ಡೌನ್ ಇರಬೇಕು." ಯುಟಿಆರ್ ನಂಬರ್, ಅಂದ್ರ ಪ್ರತಿ ಪೇಮೆಂಟ್‌ಗೆ ಬೀಳೂ ಗುರುತಿನ ನಂಬರ್, ಕೇಳಿದೆ. "ಬ್ಯಾಟರಿ ಇಲ್ಲ, ಆಮ್ಯಾಲ ಕಳಸ್ತೀನಿ." ಹನ್ನೊಂದಕ್ಕ ಸ್ಕ್ರೀನ್‌ಶಾಟ್ ಬಂತು. ಯುಪಿಐ ಯುಟಿಆರ್ ಅಂದ್ರ 12 ಅಂಕಿ. ಅದರಾಗ ಎಣಿಸಿದ್ರ 10. ಹೇಳಿದ್ರ, "ಟಿ ಪ್ಲಸ್ ಒನ್ ಅಂತಾರ ನೋಡ್ರಿ, ನಾಳೆ ಬಂದ ಬರ್ತೈತಿ, ಯಾಕ ಹೆದರ್ತೀರಿ?" ಮರುದಿನ ಸಂಜೀಕ ಹಚ್ಚಿದ್ರ, "ಯಾವ ಗದಗ? ಯಾವ ಗಾಡಿ? ರಾಂಗ್ ನಂಬರ್." ಆಮ್ಯಾಲ ಸ್ವಿಚ್ ಆಫ್.

ಆ 'ಟಿ ಪ್ಲಸ್ ಒನ್' ಅನ್ನೂದು ಸುಳ್ಳ ಮಾತಲ್ಲ, ಅದ ಸಿಟ್ಟು ಬರ್ತೈತಿ. ಕಳಿಸಿದವನ ಖಾತೆದಾಗ ಕಟ್ ಆಗಿ ಮುಟ್ಟಬೇಕಾದವರಿಗೆ ಮುಟ್ಟಲಿಲ್ಲಂದ್ರ ಮರುದಿನದೊಳಗ ಹೊಳ್ಳಿ ಜಮಾ ಆಗಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಐತಿ. ಅಂಗಡಿಗೆ ಕೊಟ್ಟ ರೊಕ್ಕಕ್ಕ ಐದು ದಿನ. ಆದ್ರ ಅದು ಜಮಾ ಆಗೂದು ಕಳಿಸಿದವನ ಖಾತೆಕ್ಕ, ನಮಗಲ್ಲ! ಮತ್ತ ಖರೇನ ನಡುವ ಸಿಕ್ಕೊಂಡ ರೊಕ್ಕ ಅಂದ್ರ ಸಾಮಾನ್ಯವಾಗಿ ಅವನ ಫೋನಿನ್ಯಾಗ 'ಪೆಂಡಿಂಗ್' ಅಂತ ಕಾಣಬೇಕು, ಹಸರ ರೈಟ್ ಗುರುತಲ್ಲ. ನಿಯಮದ ಹೆಸರು ಹೇಳಿ ಒಂದು ದಿನ ನಮ್ಮನ್ನ ಸುಮ್ನ ಕುಂಡ್ರಸ್ತಾರ, ಅಷ್ಟರೊಳಗ ಸಿಮ್ ಬದಲಸ್ತಾರ.

ಇನ್ನ ಕಂಪನಿ. ಸಹಾಯ ಕೇಂದ್ರಕ್ಕ ಬರದದ್ದಕ್ಕ ಬಂದ ಉತ್ತರ: "ಸದರಿ ಬುಕಿಂಗ್ ತಮ್ಮಿಂದಲೇ ರದ್ದಾಗಿದೆ. ರದ್ದಾದ ಬುಕಿಂಗ್‌ನ ಬಾಡಿಗೆಗೆ ಕಂಪನಿ ಹೊಣೆಯಲ್ಲ." ಪ್ಯಾಸೆಂಜರ್ ವಿವರ ಕೇಳಿದ್ರ, "ಗೌಪ್ಯತೆಯ ಕಾರಣ ಹಂಚಿಕೊಳ್ಳಲಾಗದು." ಮೂರನೇದ್ದು ಇನ್ನೂ ಉರಸ್ತೈತಿ: "ಆ್ಯಪ್ ಹೊರಗಿನ ಪ್ರಯಾಣದ ಅನುಮಾನದ ಮೇರೆಗೆ ತಮ್ಮ ಖಾತೆಯನ್ನು 48 ಗಂಟೆ ತಡೆಹಿಡಿಯಲಾಗಿದೆ." ಕ್ಯಾನ್ಸಲ್ ಆದ ಮ್ಯಾಲೂ ನಮ್ಮ ಫೋನು ಅವರ ಫೋನು ಒಂದ ದಾರಿ ಹಿಡದು ಹೋದ್ರ ಜಿಪಿಎಸ್‌ದಾಗ ಕಾಣ್ತೈತಿ. ನಮ್ಮ ಖಾತೆ ಬಂದ್ ಮಾಡಾಕ ಆ ಜಿಪಿಎಸ್ ಸಾಕಾತು. ಅವರಿಬ್ರು ನನ್ನ ಗಾಡಿಯೊಳಗ ಇದ್ರು ಅಂತ ಹೇಳಾಕ ಮಾತ್ರ ಸಾಕಾಗಲಿಲ್ಲ.

ದಿನದ ಪಾಸ್ ಕಟ್ಟಿ ಓಡ್ಸವರು ಇನ್ನೊಂದು ಮಾತು ನೆನಪಿಡ್ರಿ. ಕಮಿಷನ್ ಇಲ್ಲ, ಬಾಡಿಗಿ ಪೂರ್ತಿ ನಿಮ್ಮದು ಅಂತ ಹೇಳೂ ಆ ಪದ್ಧತಿಯೊಳಗ ರೊಕ್ಕಾ ಪ್ಯಾಸೆಂಜರ್‌ದಿಂದ ನೇರ ನಮ್ಮ ಕೈಗೆ ಬರ್ತೈತಿ. ಅಂದ್ರ ಆ್ಯಪ್‌ದೊಳಗಿನ ಟ್ರಿಪ್ ಆದ್ರೂ ಕೊಡದ ಹೋದವನ ಬಾಡಿಗಿ ಕಂಪನಿ ತುಂಬಿ ಕೊಡ್ತೈತಿ ಅಂತ ತಿಳ್ಕೋಬ್ಯಾಡ್ರಿ. ನಿಮ್ಮ ಒಪ್ಪಂದದಾಗ ಏನೈತಿ ಒಮ್ಮೆ ಓದ್ರಿ.

ಈಗ ಮಾಡಬೇಕಾದ್ದು. ಓಟಿಪಿ ಬೀಳದ ಗಾಡಿ ಹೊಂಡಿಸಬ್ಯಾಡ್ರಿ. ಊರು ಬದಲಾತು ಅಂದ್ರ ಅವರ ಬುಕಿಂಗ್‌ದಾಗ ಜಾಗಾ ಬದಲ ಮಾಡ್ಲಿ, ಇಲ್ಲಾ ಅವರ ಕ್ಯಾನ್ಸಲ್ ಮಾಡಿ ಔಟ್‌ಸ್ಟೇಶನ್ ಬುಕಿಂಗ್ ಹಾಕ್ಲಿ. ಹೊರಗಿನ ಬಾಡಿಗಿ ಹಿಡದ ಹಿಡೀತೀರಂದ್ರ ಗ್ಯಾಸ್, ಟೋಲ್ ಕೂಡಿಸಿ ಕಡಿಮಿ ಅಂದ್ರ ಅರ್ಧಾ ರೊಕ್ಕ ಹೊಂಡೂಕಿಂತ ಮೊದಲ ಬ್ಯಾಂಕಿಗೆ ಬಿದ್ದದ್ದು ನೋಡ್ಕೊಂಡು ಹೊಂಡ್ರಿ. ಇಳಸೂ ಜಾಗಾ ಗದ್ದಲದಾಗ ಬ್ಯಾಡ. ಐವತ್ತು ಮೀಟರ್ ಮುಂದ ಹೋಗಿ ನಿಲ್ಲಿಸಿ, ಖಾತೆ ತಗದು ನೋಡಿ, ಆಮ್ಯಾಲ ಡಿಕ್ಕಿ ತಗೀರಿ. ಗಾಡಿಯಾಗ ಸೌಂಡ್‌ಬಾಕ್ಸ್ ಇಟ್ರ ಇನ್ನೂ ಚಲೋ, ಅದು ನಮ್ಮ ಖಾತೆಕ್ಕ ಖರೇನ ರೊಕ್ಕ ಬಂದ್ರಷ್ಟ ಮಾತಾಡ್ತೈತಿ. ಜಾಸ್ತಿ ಹೋತು ಅಂದವರಿಗೆ ನಗದು ಕೊಡಬ್ಯಾಡ್ರಿ, ಎಷ್ಟ ಅವಸರ ಮಾಡ್ಲಿ, ಎಷ್ಟ ಕೈ ಮುಗೀಲಿ. ರೊಕ್ಕ ಬಂದದ್ದ ಖರೆ ಇದ್ರ, ಬಂದ ಯುಪಿಐ ಐಡಿಗೆ ಹೊಳ್ಳಿ ಹಾಕ್ರಿ.

ಮೋಸ ಆಗಿದ್ರ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಹಚ್ರಿ. ಆದ್ರ ಅವರು ತಡೀಬಹುದಾದ್ದು ಖಾತೆದಿಂದ ಖಾತೆಕ್ಕ ಹೋದ ರೊಕ್ಕ. ನನ್ನಂಗ ಕೈಯಾಗ ಕೊಟ್ಟ ನೋಟಿಗೆ ತಡಿಯೂದೇನಿಲ್ಲ, ಠಾಣೆಕ್ಕ ಹೋಗಿ ಬರದ ಕೊಡಬೇಕು. ಭಾರತೀಯ ನ್ಯಾಯ ಸಂಹಿತೆ 318ನೇ ಕಲಮು ಇಂಥ ವಂಚನೆಗೆ ಐತಿ. ಕಂಪನಿ ನಮಗ ಕೊಡದ ಪ್ಯಾಸೆಂಜರ್ ವಿವರ ಪೊಲೀಸರು ಕೇಳಿದ್ರ ಕೊಡಬೇಕಾಗ್ತೈತಿ, ಅದಕ್ಕ ಬುಕಿಂಗ್ ಐಡಿ ಬೇಕು. ಕ್ಯಾನ್ಸಲ್ ಆದದ್ದೂ ಹಿಸ್ಟರಿಯೊಳಗ ಇರ್ತೈತಿ, ಇವತ್ತ ಸ್ಕ್ರೀನ್‌ಶಾಟ್ ತಗದಿಡ್ರಿ. ಸುಳ್ಳ ಮೆಸೇಜ್ ಸಿಟ್ಟಿಲೆ ಅಳಿಸಬ್ಯಾಡ್ರಿ. ನಾ ಅಳಿಸಾಕ ಹೋಗಿ ತಡದೆ. ಅವ ಕೊಟ್ಟ ನಂಬರ್ ಬಿಟ್ರ ನನ್ನ ಕಡೆ ಇರೂ ಎರಡನೇ ನಂಬರ್ ಅದೊಂದ. ಫಾಸ್ಟ್ಯಾಗ್ ಮೆಸೇಜ್ ಸೈತ ಇಟ್ಕೊಳ್ರಿ, ಗಾಡಿ ಎಷ್ಟೊತ್ತಿಗೆ ಟೋಲ್ ದಾಟ್ತು ಅನ್ನೂದು ಅದರಾಗ ಐತಿ.

ನಾ ಬುಕಿಂಗ್ ಐಡಿ, ಎರಡೂ ನಂಬರ್, ಟೋಲ್ ಹೊತ್ತು ಬರದು ಕಂಪ್ಲೇಂಟ್ ಕೊಟ್ಟೀನಿ. ಸ್ಟೇಶನ್ ಮುಂದ, ಏರ್‌ಪೋರ್ಟ್ ಕಡೆ, ಇಲ್ಲಾ ಹಾವೇರಿ ಬಾಡಿಗಿ ಅಂತ ಹೇಳಿ ಇದ ರೀತಿ ಯಾರಿಗಾದ್ರೂ ಆಗಿದ್ರ, ಸಾವಿರ ರೂಪಾಯಿ ಹೋತಂತ ಬಿಡಬ್ಯಾಡ್ರಿ, ನೀವೂ ಬರದ ಕೊಡ್ರಿ. ಒಂದ ನಂಬರ್ ಮ್ಯಾಲ ಎರಡನೇ ಕಂಪ್ಲೇಂಟ್ ಬಿದ್ರ ಪೊಲೀಸರು ನೋಡೂದ ಬ್ಯಾರೆ ಆಗ್ತೈತಿ.