ಸಿಟ್ಟಿನ ಥೆರಪಿ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಸಿಟ್ಟನ್ನು ಹತೋಟಿಗೆ ತಂದುಕೊಡುತ್ತೇವೆ ಎನ್ನುವ ಸೇವೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ: ಥೆರಪಿಸ್ಟ್ ಜೊತೆ ಒಬ್ಬರೇ ಕೂರುವ ಸೆಷನ್, ಗುಂಪಿನ ತರಗತಿ, ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್, ಮೊಬೈಲ್ ಆ್ಯಪ್. ಜಾಹೀರಾತಿನಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ. ಒಳಗಿನ ಸರಕು ಬೇರೆ.

ಆ್ಯಪ್ ಉಸಿರಾಟದ ಅಭ್ಯಾಸಕ್ಕೆ, ಸಿಟ್ಟು ಬಂದದ್ದನ್ನು ಬರೆದಿಡುವುದಕ್ಕೆ ಸಾಕು. ರೇಗಿದ ಹೊತ್ತಿನಲ್ಲಿ ಫೋನ್ ತೆಗೆದು ಆ್ಯಪ್ ಒತ್ತುವವರು ಅಪರೂಪ, ತೆಗೆದರೂ ಎಸೆಯಲಿಕ್ಕೆ. ಸರ್ಟಿಫಿಕೇಟ್ ಕೋರ್ಸ್ ಎಂದರೆ ವಿಡಿಯೊ ನೋಡು, ಪ್ರಶ್ನೆಗೆ ಟಿಕ್ ಹಾಕು, ಕಾಗದ ತಗೋ. ಕೋರ್ಟೋ ಕೆಲಸದ ಕಡೆಯವರೋ ಕೇಳಿದ್ದಾರೆಂದು ಸೇರುವುದಾದರೆ, ಆ ಕಾಗದ ನಡೆಯುತ್ತದೆಯೇ ಎಂದು ಮೊದಲೇ ಅವರಿಂದ ಬರಹದಲ್ಲಿ ಪಡೆಯಿರಿ. ಸ್ವಭಾವ ಬದಲಾಗಬೇಕೆಂದಿದ್ದರೆ ಅದಕ್ಕೆ ದುಡ್ಡು ದಂಡ.

ಗುಂಪಿನ ತರಗತಿ ಬಹಳ ಜನ ಅಂದುಕೊಂಡದ್ದಕ್ಕಿಂತ ಒಳ್ಳೆಯದು, ಆದರೆ ಅದರ ಹಿಂದೆ ಒಂದು ಕ್ರಮ ಇರಬೇಕು. ಹೋಲಿಸಿ ನೋಡಲು ಅಮೆರಿಕದ ಸರ್ಕಾರಿ ಸಂಸ್ಥೆ ಸಾಮ್‌ಸಾದ ಕೈಪಿಡಿ ಇದೆ: 12 ವಾರ, ವಾರಕ್ಕೊಂದು 90 ನಿಮಿಷದ ಸೆಷನ್. ಪ್ರತಿ ವಾರ ಶುರುವಿನಲ್ಲೇ ಒಬ್ಬೊಬ್ಬರನ್ನೂ ಕೇಳುವ ಪ್ರಶ್ನೆ: ಈ ವಾರ 1ರಿಂದ 10ರ ಅಳತೆಯಲ್ಲಿ ನಿಮ್ಮ ಸಿಟ್ಟು ಎಷ್ಟರವರೆಗೆ ಏರಿತು? 10 ಎಂದರೆ ಕೈಮೀರಿತು ಎಂದರ್ಥ. ಕೈಪಿಡಿ ಪುಕ್ಕಟೆ ಸಿಗುತ್ತದೆ. ಇಂಥ ಯಾವ ಅಳತೆಯೂ ಇಲ್ಲದೆ 'ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿ' ಎನ್ನುವ ಗುಂಪಿನಲ್ಲಿ ಒಬ್ಬರ ಸಿಟ್ಟಿಗೆ ಇನ್ನೊಬ್ಬರು 'ನೀವು ಮಾಡಿದ್ದೇ ಸರಿ' ಎಂದು ತಲೆಯಾಡಿಸುತ್ತಾ ಕೂರುವುದೇ ಹೆಚ್ಚು.

ಇನ್ನು ಒಬ್ಬರೇ ಕೂರುವ ಥೆರಪಿ. ದುಬಾರಿ, ಆದರೆ ಸರಿಯಾದವರು ಸಿಕ್ಕರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಿಟ್ಟಿನ ಮಟ್ಟಿಗೆ ಹೆಚ್ಚು ಪರೀಕ್ಷೆಗೊಳಗಾದ ವಿಧಾನ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಥೆರಪಿ. 1998ರಲ್ಲಿ ಬೆಕ್ ಮತ್ತು ಫರ್ನಾಂಡಿಸ್ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿಬಿಟಿ ಪಡೆದ ಸರಾಸರಿ ವ್ಯಕ್ತಿ ಚಿಕಿತ್ಸೆ ಪಡೆಯದವರಲ್ಲಿ ಶೇ. 76 ಜನರಿಗಿಂತ ಉತ್ತಮ ಸ್ಥಿತಿಯಲ್ಲಿದ್ದ. ಹಾಗೆಂದು ಬೋರ್ಡಿನ ಮೇಲೆ ಸಿಬಿಟಿ ಎಂದು ಬರೆದವರೆಲ್ಲ ಅದನ್ನು ಪೂರ್ತಿ ಮಾಡಿಸುತ್ತಾರೆ ಎಂದಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ 1970ರ ದಶಕದಲ್ಲಿ ಸಿಟ್ಟಿಗೆಂದೇ ರೂಪಿಸಿದ ಸಿಬಿಟಿ ಕ್ರಮದಲ್ಲಿ ಮೂರು ಹಂತ. ನಿಮ್ಮ ಸಿಟ್ಟು ಯಾವಾಗ, ಯಾವ ಯೋಚನೆಯಿಂದ ಏರುತ್ತದೆ ಎಂದು ಗುರುತಿಸುವುದು ಒಂದನೆಯದು. ಮೈ ಸಡಿಲಿಸುವುದು, ಯೋಚನೆ ತಿದ್ದುವುದು, ಬೇಕಾದ್ದನ್ನು ರೇಗದೆ ಕೇಳುವುದು ಇವನ್ನು ಕಲಿಯುವುದು ಎರಡನೆಯದು. ಮೂರನೆಯದು ತಾಲೀಮು: ನಿಮ್ಮನ್ನು ಕೆರಳಿಸುವ ಸನ್ನಿವೇಶವನ್ನು ಸಣ್ಣದರಿಂದ ದೊಡ್ಡದಕ್ಕೆ ಪಟ್ಟಿ ಮಾಡಿ, ಮೊದಲು ಕಲ್ಪನೆಯಲ್ಲಿ, ಆಮೇಲೆ ಥೆರಪಿಸ್ಟ್ ಎದುರಾಳಿಯ ಪಾತ್ರ ವಹಿಸಿ, ಕಲಿತದ್ದನ್ನು ಬಿಸಿ ಏರಿದಾಗಲೇ ಬಳಸಿ ನೋಡುವುದು.

ಎಡವಟ್ಟಾಗುವುದು ಈ ಮೂರನೆಯದರಲ್ಲಿ. ಇಬ್ಬರಿಗೂ ಮುಜುಗರ, ಹಾಗಾಗಿ ತೇಲಿಸಿಬಿಡುತ್ತಾರೆ. ಹೀಗಾದಾಗ ಮಂಚದ ಮೇಲೆ ಮಲಗಿ ಉಸಿರು ಎಣಿಸಲು ಚೆನ್ನಾಗಿ ಬರುತ್ತದೆ, 'ಇನ್ನೂ ಮುಗಿದಿಲ್ವಾ ನಿಂದು?' ಎಂದು ಯಾರಾದರೂ ಒಂದು ಮಾತು ಎಸೆದರೆ ಕಲಿತದ್ದೆಲ್ಲ ಹಾರಿಹೋಗುತ್ತದೆ. ತಂಪು ಹೊತ್ತಿನ ಕಲಿಕೆ ಬಿಸಿ ಹೊತ್ತಿಗೆ ತಾನಾಗಿ ಬರುವುದಿಲ್ಲ. ಆದ್ದರಿಂದ ಮೊದಲ ಫೋನಿನಲ್ಲೇ ಕೇಳಿ: 'ನನ್ನನ್ನು ಕೆರಳಿಸುವ ಸನ್ನಿವೇಶಗಳನ್ನು ಸೆಷನ್ನಿನಲ್ಲಿ ಅಭ್ಯಾಸ ಮಾಡಿಸುತ್ತೀರಾ? ಹೇಗೆ?' ತಡವರಿಸಿದರೆ ಉತ್ತರ ಸಿಕ್ಕಿತೆಂದೇ ಲೆಕ್ಕ.

ಅದೇ ಫೋನಿನಲ್ಲಿ ಕೇಳಬೇಕಾದ್ದು ಇನ್ನೂ ಇದೆ. ಪರವಾನಗಿ ಯಾವುದು, ಅದರ ಸಂಖ್ಯೆ ಏನು (ನೋಂದಣಿ ಪಟ್ಟಿಯಲ್ಲಿ ನೀವೇ ತಾಳೆ ನೋಡಿ, 'ಕೋಚ್' ಎಂದು ಕರೆದುಕೊಳ್ಳಲು ಬಹುತೇಕ ಕಡೆ ಯಾವ ಪರವಾನಗಿಯೂ ಬೇಕಿಲ್ಲ). ಸಿಟ್ಟಿನ ಸಮಸ್ಯೆಯವರನ್ನೇ ಎಷ್ಟು ನೋಡಿದ್ದಾರೆ. ಸುಧಾರಣೆಯನ್ನು ಹೇಗೆ ಅಳೆಯುತ್ತಾರೆ. ಸಿಟ್ಟು ಅಳೆಯಲೆಂದೇ ಮನಶ್ಶಾಸ್ತ್ರಜ್ಞ ಸ್ಪೀಲ್‌ಬರ್ಗರ್ ರೂಪಿಸಿದ 57 ಪ್ರಶ್ನೆಗಳ ಸ್ಟ್ಯಾಕ್ಸಿ-2 ಹೆಸರು ಬಂದರೆ ಒಳ್ಳೆಯದು, ಬರದಿದ್ದರೆ ಕನಿಷ್ಠ ವಾರದ ಲೆಕ್ಕವಾದರೂ ಇರಲಿ. ಗುಟ್ಟಿನ ಮಿತಿ ಎಲ್ಲಿ: ಯಾರಿಗಾದರೂ ಅಪಾಯವಿದೆ ಎನಿಸಿದರೆ ಯಾರಿಗೆ ತಿಳಿಸುತ್ತಾರೆ.

ಮೊದಲ ಸೆಷನ್ನಿನಲ್ಲಿ ಗಮನಿಸಬೇಕಾದ್ದು ಅವರು ಕೇಳುವ ಪ್ರಶ್ನೆಗಳನ್ನು. ಒಳ್ಳೆಯವರು ಇತ್ತೀಚಿನ ಒಂದೇ ಘಟನೆ ಹಿಡಿದು ನಿಮಿಷ ನಿಮಿಷವಾಗಿ ಬಿಡಿಸುತ್ತಾರೆ. ಹಿಂದಿನ ರಾತ್ರಿ ಎಷ್ಟು ನಿದ್ದೆ, ಕುಡಿದಿದ್ದಿರಾ, ಮೈಯಲ್ಲಿ ಮೊದಲು ಗೊತ್ತಾದದ್ದು ದವಡೆಯೋ ಮುಷ್ಟಿಯೋ, ಆ ಕ್ಷಣ ತಲೆಯಲ್ಲಿ ಬಂದ ವಾಕ್ಯ ಯಾವುದು, ಕೈ ಮಾಡಿದ್ದು ಉಂಟೇ. ಥೈರಾಯ್ಡ್ ಹೆಚ್ಚಳ, ತಲೆಗೆ ಪೆಟ್ಟು, ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸಿಟಾಮ್, ಖಿನ್ನತೆ ಇವೆಲ್ಲ ಸಿಡುಕು ತರಬಲ್ಲವು. ಇವುಗಳ ಬಗ್ಗೆ ಕೇಳದೆ ನೇರ ಉಸಿರಾಟಕ್ಕೆ ಇಳಿಯುವವರು ಅವಸರದವರು. ಔಷಧಿಯ ಅನುಮಾನವಿದ್ದರೆ ಬರೆದುಕೊಟ್ಟ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ದಿಂಬು ಗುದ್ದಿಸುವವರನ್ನು, ಜೋರಾಗಿ ಕಿರುಚಿ ಹೊರಹಾಕಿ ಎನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ. 2024ರಲ್ಲಿ ಪ್ರಕಟವಾದ, 154 ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ ಸಿಟ್ಟನ್ನು ಇಳಿಸಿದ್ದು ದೇಹದ ಉದ್ವೇಗ ತಗ್ಗಿಸುವ ಚಟುವಟಿಕೆಗಳು. ಉದ್ವೇಗ ಏರಿಸುವವು ಒಟ್ಟಾರೆ ಉಪಯೋಗಕ್ಕೆ ಬರಲಿಲ್ಲ. ಓಟ ಕೂಡ.

ಮನೆಗೆಲಸ ಕೊಡದ ಥೆರಪಿಸ್ಟ್ ಅರ್ಧ ಥೆರಪಿಸ್ಟ್. ಸಿಟ್ಟಿನ ಲೆಕ್ಕದ ಒಂದು ಸಾಲು ಹೀಗಿರಬೇಕು: 'ಮಂಗಳವಾರ ರಾತ್ರಿ 9. ಮಗನಿಗೆ ಮೂರು ಸಲ ಕರೆದರೂ ಫೋನ್ ಬಿಡಲಿಲ್ಲ. ಕಿವಿ ಬಿಸಿ. "ನನಗೆ ಬೆಲೆಯೇ ಇಲ್ಲ." ಅಳತೆಯಲ್ಲಿ 7. ಬಾಗಿಲು ಬಡಿದೆ.' 'ತುಂಬಾ ಸಿಟ್ಟು ಬಂತು' ಎಂಬ ಸಾಲಿನಿಂದ ಕೆಲಸವಾಗದು, ತಿದ್ದಬೇಕಾದ ಯೋಚನೆಯೇ ಅದರಲ್ಲಿ ಇಲ್ಲ. ಸ್ನಾಯು ಸಡಿಲಿಸುವ ಅಭ್ಯಾಸವೂ (ಐದಾರು ಸೆಕೆಂಡು ಬಿಗಿಹಿಡಿದು, ಅದರ ಎರಡು ಮೂರು ಪಟ್ಟು ಹೊತ್ತು ಬಿಡುವುದು) ಶಾಂತವಾಗಿದ್ದಾಗ ದಿನವೂ ನಡೆಯಬೇಕು.

ಟೈಮ್‌ಔಟ್ ಕಲಿಸುವುದರಲ್ಲೂ ಅರೆಬರೆ ಹೆಚ್ಚು. ಎದ್ದು ಹೋಗುವುದಷ್ಟೇ ಟೈಮ್‌ಔಟ್ ಅಲ್ಲ. ಸಿಟ್ಟು 10ರ ಅಳತೆಯಲ್ಲಿ 5ರ ಆಸುಪಾಸಿನಲ್ಲಿರುವಾಗಲೇ 'ನನಗೆ ಸಿಟ್ಟು ಏರುತ್ತಿದೆ, ಅರ್ಧ ಗಂಟೆಗೆ ವಾಪಸ್ ಬರ್ತೀನಿ' ಎಂದು ಹೇಳಿ ಹೊರಡಬೇಕು. ಆಗ ಗಾಡಿ ಓಡಿಸಬಾರದು, ಕುಡಿಯಬಾರದು, ಜಗಳವನ್ನೇ ಮೆಲುಕು ಹಾಕಬಾರದು, ಹೇಳಿದ ಹೊತ್ತಿಗೆ ಬಂದು ಮಾತು ಮುಂದುವರಿಸಬೇಕು. ಹೇಳದೆ ಹೋದರೆ ಎದುರಿನವರಿಗೆ ಅದು ಇನ್ನೊಂದು ಶಿಕ್ಷೆ.

ಮನೆಯಲ್ಲಿ ಹೊಡೆತ, ಬೆದರಿಕೆ ನಡೆದಿದ್ದರೆ ಈ ವಿಮರ್ಶೆ ಸಾಲದು. ಅಲ್ಲಿಗೆ ಬೇಕಾದ್ದು ಕೌಟುಂಬಿಕ ಹಿಂಸೆಗೆಂದೇ ಇರುವ ಕಾರ್ಯಕ್ರಮ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸುತ್ತೇನೆ ಎನ್ನುವವರಿಗೆ ಒಪ್ಪಬೇಡಿ: ಸೆಷನ್ನಿನಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗಬಹುದು.

ಸಾಮಾನ್ಯವಾಗಿ 8ರಿಂದ 12 ಸೆಷನ್ ಎಂದು ಲೆಕ್ಕ ಹಾಕಿ. ನಾಲ್ಕೈದು ಮುಗಿದ ಮೇಲೆ ನಿಮ್ಮ ಲೆಕ್ಕದ ಪುಸ್ತಕ ಅವರ ಮುಂದಿಟ್ಟು ಕೇಳಿ: 7 ದಾಟಿದ ಸಲಗಳು ಕಡಿಮೆಯಾಗಿವೆಯೇ, ಇಳಿಯಲು ಹಿಡಿಯುವ ಹೊತ್ತು ಕಡಿಮೆಯಾಗಿದೆಯೇ? ಎರಡೂ ಅಲ್ಲಾಡಿಲ್ಲ ಎಂದಾದರೆ ಯೋಜನೆ ಬದಲಿಸುವುದು ಅವರ ಕೆಲಸ. ಬದಲಿಸದೆ 'ಇನ್ನೂ ಸಮಯ ಬೇಕು' ಎಂದಷ್ಟೇ ಅಂದರೆ ಬೇರೊಬ್ಬರನ್ನು ಹುಡುಕಿ, ಪುಸ್ತಕ ಜೊತೆಗೆ ಒಯ್ಯಿರಿ. ಹೊಸಬರ ಮೊದಲ ಸೆಷನ್ನಿನ ಅರ್ಧ ಕೆಲಸ ಅದರಲ್ಲೇ ಆಗಿರುತ್ತದೆ.